ದೂರವನ್ನು ಯಾವುದರಲ್ಲಿ ಅಳೆಯಬೇಕು?



ಕಳೆದ ತಿಂಗಳು ಸಮಾಜ ವಿಜ್ಞಾನದ ಪಿರಿಯಡ್ಡಿನಲ್ಲಿ ನಮ್ಮ ಮೇಷ್ಟ್ರು ಆಫೀಸ್ ರೂಮಿನ ಬೀರು ಮೇಲಿದ್ದ ಗ್ಲೋಬಿನ ಧೂಳು ಒರೆಸಿ ಕ್ಲಾಸಿಗೆ ತಂದರು. ಜೊತೆಗೆ ಒಂದು ದಾರದ ಉಂಡೆ. ಬೋರ್ಡಿನ ಮೇಲೆ ಒಂದೇ ಪ್ರಶ್ನೆ ಬರೆದರು. "ಬೆಂಗಳೂರಿನಿಂದ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊ ಎಷ್ಟು ದೂರ? ವಿಮಾನದಲ್ಲಿ ಎಷ್ಟು ಹೊತ್ತು?" ನಾವೆಲ್ಲಾ ಗೋಡೆಯ ಮೇಲಿನ ಪ್ರಪಂಚದ ನಕ್ಷೆ ನೋಡಿ ಬಾಯಿಗೆ ಬಂದದ್ದು ಹೇಳಿದೆವು. ಒಬ್ಬ ಒಂದು ಲಕ್ಷ ಕಿಲೋಮೀಟರ್ ಅಂದ. ಮೇಷ್ಟ್ರು ನಕ್ಕು, "ಭೂಮಿಯ ಸುತ್ತಳತೆಯೇ ನಲವತ್ತು ಸಾವಿರ ಕಣಪ್ಪಾ, ನೀನು ಎರಡೂವರೆ ಸುತ್ತು ಹಾಕಿಸಿಬಿಟ್ಟೆಯಲ್ಲ" ಅಂದರು.

ಆಮೇಲೆ ದಾರದಿಂದ ಅಳೆದೆವು. ನಮ್ಮ ಗ್ಲೋಬಿನ ನಡುವಿಗೆ ದಾರ ಸುತ್ತಿದರೆ 80 ಸೆಂಟಿಮೀಟರ್ ಬಂತು. ಅಂದ್ರೆ ಒಂದು ಸೆಂಟಿಮೀಟರಿಗೆ 500 ಕಿಲೋಮೀಟರ್. ಬೆಂಗಳೂರಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ದಾರವನ್ನು ಬಿಗಿಯಾಗಿ ಎಳೆದರೆ 28 ಸೆಂಟಿಮೀಟರ್. ಗುಣಿಸಿದರೆ 14,000 ಕಿಲೋಮೀಟರ್. ನಿಜವಾದ ಲೆಕ್ಕವೂ ಸುಮಾರು ಅಷ್ಟೇ ಅಂತ ಮೇಷ್ಟ್ರು ಹೇಳಿದರು. ನಮಗೆ ಆಶ್ಚರ್ಯವಾದದ್ದು ಇನ್ನೊಂದು. ಗೋಡೆಯ ನಕ್ಷೆಯಲ್ಲಿ ಗೆರೆ ಎಳೆದರೆ ಅದು ಚೀನಾ, ಜಪಾನ್ ಕಡೆಯಿಂದ ಪೆಸಿಫಿಕ್ ಸಾಗರ ದಾಟಿ ಹೋಗುತ್ತದೆ. ಗ್ಲೋಬಿನ ಮೇಲೆ ದಾರ ಬಿಗಿ ಎಳೆದರೆ ಅದು ಸೀದಾ ಮೇಲಕ್ಕೆ, ಉತ್ತರ ಧ್ರುವದ ಹತ್ತಿರ ಹೋಗಿ ಆ ಕಡೆ ಇಳಿಯುತ್ತದೆ! ಭೂಮಿ ದುಂಡಗಿರುವುದರಿಂದ ಅದೇ ಹತ್ತಿರದ ದಾರಿ. ನಕ್ಷೆಯ ಕಾಗದ ಚಪ್ಪಟೆ, ಅದು ನಮ್ಮ ಕಣ್ಣಿಗೆ ಮೋಸ ಮಾಡುತ್ತದೆ.

ಇದು ಬರೀ ಪಾಠದ ಮಾತಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಒಂದು ವಿಮಾನ ಸ್ಯಾನ್‌ಫ್ರಾನ್ಸಿಸ್ಕೊದಿಂದ ಹೊರಟು, ಉತ್ತರ ಧ್ರುವದ ಮೇಲಿನಿಂದ ಹಾರಿ, ನಡುವೆ ಎಲ್ಲೂ ಇಳಿಯದೆ ಜನವರಿ 11ರಂದು ಬೆಂಗಳೂರಿಗೆ ಬಂತು. ಸುಮಾರು 17 ಗಂಟೆಯ ಹಾರಾಟ. ಅದನ್ನು ನಡೆಸಿದ ನಾಲ್ವರು ಪೈಲಟ್‌ಗಳೂ ಹೆಂಗಸರು. ಅವರ ಮುಖ್ಯಸ್ಥೆ ಕ್ಯಾಪ್ಟನ್ ಝೋಯಾ ಅಗರ್‌ವಾಲ್. ಇದನ್ನು ಕೇಳಿ ನಮ್ಮ ಕ್ಲಾಸಿನ ಹುಡುಗಿಯರೆಲ್ಲ ಚಪ್ಪಾಳೆ ತಟ್ಟಿದರು. ಹುಡುಗರೂ ತಟ್ಟಿದರು, ಆದರೆ ಸ್ವಲ್ಪ ಮೆಲ್ಲಗೆ!

ಎಲ್ಲಾ ಮುಗಿದ ಮೇಲೆ ಮೇಷ್ಟ್ರು, "ಈಗ ಇದೇ ದಾರದಲ್ಲಿ ನಮ್ಮ ಊರಿಂದ ಮೈಸೂರಿಗೆ ಅಳೆಯಿರಿ" ಅಂದರು. ಅಳೆಯಲು ಹೋದರೆ ಎರಡೂ ಊರು ಒಂದೇ ಚುಕ್ಕಿಯೊಳಗೆ ಮುಗಿದುಹೋಯಿತು. ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಯಾಕೆ ಅಂತ ಹೇಳುವುದಕ್ಕೇ ಈ ಲೇಖನ ಬರೆಯುತ್ತಿದ್ದೇನೆ.

ನನ್ನ ಅಜ್ಜನಿಗೆ ಕಿಲೋಮೀಟರ್ ಅಂದರೆ ಆಗುವುದಿಲ್ಲ. ಯಾವುದಾದರೂ ಊರು ಎಷ್ಟು ದೂರ ಅಂತ ಕೇಳಿದರೆ, "ಮೂರು ಸಲ ಎಲೆ ಅಡಿಕೆ ಹಾಕಿದ್ರೆ ಸಿಗ್ತದೆ ಮಗಾ. ಕಕ್ಕಡದಲ್ಲಾದ್ರೆ ಐದು" ಅನ್ನುತ್ತಾರೆ. ಹತ್ತಿರದ ಮನೆಯಾದರೆ "ಒಂದು ಕೂಗಳತೆ". ಮೊದಲೆಲ್ಲ ನಾನು, ಅಜ್ಜನಿಗೆ ಲೆಕ್ಕ ಬರುವುದಿಲ್ಲ ಅಂದುಕೊಂಡಿದ್ದೆ. ಮಳೆಗಾಲ ಬಂದ ಮಾತ್ರಕ್ಕೆ ದಾರಿ ಉದ್ದ ಆಗುತ್ತದೆಯೇ ಅಂತ ವಾದ ಕೂಡ ಮಾಡಿದ್ದೆ. ಈಗ ಹೇಳುತ್ತೇನೆ, ಅಜ್ಜನ ಅಳತೆಯೇ ಸರಿ. ನನ್ನದೇ ತಪ್ಪು.

ಕಳೆದ ವರ್ಷ ಕಕ್ಕಡ ತಿಂಗಳು. ಎರಡು ದಿನದಿಂದ ಬಿಡದೆ ಮಳೆ. ಬೆಳಗಿನ ಜಾವ ನಾಲ್ಕು ಗಂಟೆಗೆ ಅಜ್ಜ ಎದ್ದು ಬಚ್ಚಲೊಲೆಗೆ ಬೆಂಕಿ ಹಾಕುತ್ತಿದ್ದರು. ಅಜ್ಜಿ ಏನೋ ಕೇಳಿದರೆ ಮಾತು ತೊದಲಿತು. ಬಾಯಿ ಒಂದು ಕಡೆಗೆ ವಾಲಿತ್ತು. ಕೈಯಲ್ಲಿದ್ದ ಕಟ್ಟಿಗೆ ಕೆಳಗೆ ಬಿತ್ತು. ಅಜ್ಜಿ ಕೂಗಿದ್ದು ಕೇಳಿ ನಾವೆಲ್ಲಾ ಎದ್ದು ಓಡಿದೆವು. ಅಪ್ಪ, "ಲಕ್ವ ಹೊಡೆದ ಹಾಗಿದೆ" ಅಂದರು.

ನಮ್ಮ ಮನೆಯಲ್ಲಿ ಫೋನಿಗೆ ನೆಟ್‌ವರ್ಕ್ ಸಿಗುವುದಿಲ್ಲ. ಅಪ್ಪ ಟಾರ್ಚು ಹಿಡಿದು ಗುಡ್ಡ ಹತ್ತಿ ಫೋನು ಮಾಡಿ, ಜೀಪು ಮನೆ ಹತ್ತಿರ ಬರುವಾಗ ಮುಕ್ಕಾಲು ಗಂಟೆ ಆಯಿತು. ಜೀಪು ಹತ್ತಿ ಎರಡು ಕಿಲೋಮೀಟರ್ ಹೋಗಿಲ್ಲ, ರಸ್ತೆಗೆ ಅಡ್ಡವಾಗಿ ಸಿಲ್ವರ್ ಮರ ಬಿದ್ದಿತ್ತು. ಗರಗಸ ತರಲು ಒಬ್ಬರು ಓಡಿದರು. ಕತ್ತಿಯಲ್ಲಿ ರೆಂಬೆ ಕಡಿಯುತ್ತಾ, ಆಮೇಲೆ ಮರ ಕೊಯ್ದು ಪಕ್ಕಕ್ಕೆ ಉರುಳಿಸುವಾಗ ಒಂದೂವರೆ ಗಂಟೆ. ಜೀಪಿನ ಒಳಗೆ ಅಜ್ಜಿ ಅಜ್ಜನ ಕೈ ಉಜ್ಜುತ್ತಾ ಕೂತಿದ್ದರು. ನಾನು ಕೊಡೆ ಹಿಡಿದು ಹೊರಗೆ ನಿಂತಿದ್ದೆ. ಅಷ್ಟು ಹೊತ್ತು ನಾನು ಯಾವತ್ತೂ ಕಾದಿಲ್ಲ.

ಆರೂಕಾಲಕ್ಕೆ ದಾರಿ ಬಿಟ್ಟಿತು. ಕುಶಾಲನಗರಕ್ಕೆ ಒಂದು ಗಂಟೆ. ಅಲ್ಲಿ ಆಂಬುಲೆನ್ಸಿಗೆ ಹತ್ತಿಸಲು ಕಾಲು ಗಂಟೆ. ಅಲ್ಲಿಂದ ಬೈಲುಕುಪ್ಪೆ, ಪಿರಿಯಾಪಟ್ಟಣ, ಹುಣಸೂರು ದಾಟಿ ಮೈಸೂರಿಗೆ ಎರಡೂವರೆ ಗಂಟೆ. ಆಸ್ಪತ್ರೆ ಬಾಗಿಲಿಗೆ ಹೋದಾಗ ಬೆಳಿಗ್ಗೆ ಹತ್ತು ಗಂಟೆ. ಒಟ್ಟು ಆರು ಗಂಟೆ.

ಡಾಕ್ಟರು ಕೇಳಿದ ಮೊದಲನೇ ಪ್ರಶ್ನೆ, "ಎಷ್ಟು ಕಿಲೋಮೀಟರಿಂದ ಬಂದ್ರಿ?" ಅಂತ ಅಲ್ಲ. "ಎಷ್ಟು ಗಂಟೆಗೆ ಶುರುವಾಯ್ತು?" ಅಂತ. ಅಮ್ಮ ನಾಲ್ಕು ಗಂಟೆಗೆ ಅಂದಾಗ ಅವರು ಗಡಿಯಾರ ನೋಡಿದರು. ಆಮೇಲೆ ಅವರು ಅಮ್ಮನಿಗೆ ಬಿಡಿಸಿ ಹೇಳಿದ್ದು ಇದು. ಮೆದುಳಿಗೆ ಹೋಗುವ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆದರೆ, ಆ ಹೆಪ್ಪನ್ನು ಕರಗಿಸಲು ಒಂದು ಇಂಜೆಕ್ಷನ್ ಇದೆ. ಎಲ್ಲಾ ರೋಗಿಗಳಿಗೂ ಅದು ಆಗುವುದಿಲ್ಲ, ಸ್ಕ್ಯಾನ್ ಮಾಡಿ ನೋಡಬೇಕು. ಆಗುವವರಿಗೂ ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು. ನಾವು ಹುಣಸೂರಿನ ಹತ್ತಿರ ಇರುವಾಗಲೇ ಅಜ್ಜನ ನಾಲ್ಕೂವರೆ ಗಂಟೆ ಮುಗಿದುಹೋಗಿತ್ತು.

ಅಜ್ಜ ಬದುಕಿದರು. ದೇವರ ದಯ. ಆದರೆ ಬಲಗೈ ಮೊದಲಿನ ಹಾಗೆ ಆಗಲಿಲ್ಲ.

ಈಗ ನನ್ನ ಚಿಕ್ಕಪ್ಪನ ವಿಷಯ ಹೇಳುತ್ತೇನೆ. ಚಿಕ್ಕಪ್ಪ ಅಬುಧಾಬಿಯಲ್ಲಿ ಡ್ರೈವರ್ ಕೆಲಸದಲ್ಲಿದ್ದಾರೆ. ಅಪ್ಪ ಗುಡ್ಡದ ಮೇಲಿಂದ ಅವರಿಗೂ ಫೋನು ಮಾಡಿದ್ದರು. ಅವರು ಹೇಗೋ ಟಿಕೆಟ್ ಮಾಡಿಸಿ ಅವತ್ತೇ ಹೊರಟರು. ಅಬುಧಾಬಿಯಿಂದ ಕೇರಳದ ಕಣ್ಣೂರಿಗೆ ಆಕಾಶದಲ್ಲಿ ಸುಮಾರು 2,600 ಕಿಲೋಮೀಟರ್. ನಮ್ಮ ಗ್ಲೋಬಿನಲ್ಲಿ ಐದು ಸೆಂಟಿಮೀಟರಿಗಿಂತ ಚೂರು ಜಾಸ್ತಿ. ಕಣ್ಣೂರು ವಿಮಾನ ನಿಲ್ದಾಣ 2018ರ ಡಿಸೆಂಬರ್ 9ರಂದು ಶುರುವಾಯಿತು. ಅಲ್ಲಿಂದ ಹಾರಿದ ಮೊದಲನೇ ಪ್ರಯಾಣಿಕರ ವಿಮಾನವೂ ಅಬುಧಾಬಿಗೇ ಹೋಗಿದ್ದು. ಚಿಕ್ಕಪ್ಪ ಅಲ್ಲಿಯ ಟೈಮು ಬೆಳಿಗ್ಗೆ ಒಂಬತ್ತಕ್ಕೆ ಹೊರಟು ನಮ್ಮ ಟೈಮು ಮಧ್ಯಾಹ್ನ ಎರಡೂವರೆಗೆ ಇಳಿದರು.

ಗೆಳೆಯರೇ, ಇಲ್ಲಿ ಒಂದು ಲೆಕ್ಕ. ಒಂಬತ್ತರಿಂದ ಎರಡೂವರೆ ಅಂದರೆ ಐದೂವರೆ ಗಂಟೆ ಅಂತ ಹೇಳಿದರೆ ನೀವು ತಪ್ಪು. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಸೂರ್ಯ ನಮಗೆ ಮೊದಲು ಹುಟ್ಟಿ ಆಮೇಲೆ ಅವರಿಗೆ ಹುಟ್ಟುತ್ತಾನೆ. ಆದ್ದರಿಂದ ಹಾರಿದ್ದು ನಾಲ್ಕೇ ಗಂಟೆ. ವಾಪಸ್ ಹೋಗುವಾಗ ಇಲ್ಲಿಂದ ಒಂಬತ್ತಕ್ಕೆ ಹೊರಟು ನಾಲ್ಕು ಗಂಟೆ ಹಾರಿದರೆ ಅಲ್ಲಿ ಹನ್ನೊಂದೂವರೆ. ಎರಡೂವರೆ ಗಂಟೆಯಲ್ಲಿ ಹೋದೆ ಅಂತ ಚಿಕ್ಕಪ್ಪ ತಮಾಷೆ ಮಾಡುತ್ತಾರೆ. ಗಾಳಿಯ ಲೆಕ್ಕವೂ ಉಂಟು. ಬಹಳ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುವ ಜಾಗಗಳಿವೆ. ದೆಹಲಿಯಿಂದ ಲಂಡನ್ನಿಗೆ ಹೋಗುವ ವಿಮಾನ ಆ ಗಾಳಿಗೆ ಎದುರು ಹೋಗಬೇಕು, ಬರುವಾಗ ಗಾಳಿ ಹಿಂದಿನಿಂದ ತಳ್ಳುತ್ತದೆ. ಅದಕ್ಕೆ ಒಂದೇ ದೂರವಾದರೂ ಹೋಗುವಾಗ ಹೆಚ್ಚು ಹೊತ್ತು, ಬರುವಾಗ ಕಡಿಮೆ. ನೋಡಿ, ವಿಮಾನಕ್ಕೂ ಕಿಲೋಮೀಟರ್ ಒಂದೇ ಸಾಕಾಗುವುದಿಲ್ಲ! ವಿಮಾನದವರೂ ಅಜ್ಜನ ಹಾಗೆ ಗಾಳಿ ಮಳೆ ನೋಡಿಯೇ ಹೊತ್ತು ಹೇಳಬೇಕು.

ಚಿಕ್ಕಪ್ಪ ಕಣ್ಣೂರು ನಿಲ್ದಾಣದಿಂದ ಮಾಕುಟ್ಟ ಘಾಟಿ ಹತ್ತಿ, ವಿರಾಜಪೇಟೆ, ಗೋಣಿಕೊಪ್ಪ, ತಿತಿಮತಿ, ಹುಣಸೂರು ದಾಟಿ ಮೈಸೂರಿಗೆ ಬಂದರು. ಈ ದಾರಿ ಸುಮಾರು 160 ಕಿಲೋಮೀಟರ್. ಆ ಮಳೆಯಲ್ಲಿ ಐದು ಗಂಟೆ ಹಿಡಿಯಿತು. ಅರಬ್ಬೀ ಸಮುದ್ರ ದಾಟಲು ನಾಲ್ಕು, ಕೊಡಗು ದಾಟಿ ಮೈಸೂರು ಸೇರಲು ಐದು!

ಇನ್ನು ಅಜ್ಜನ ಪ್ರಯಾಣ. ಮನೆಯಿಂದ ಮೈಸೂರಿಗೆ ಸುಮಾರು 110 ಕಿಲೋಮೀಟರ್, ಆರು ಗಂಟೆ. ಭಾಗಿಸಿದರೆ ಗಂಟೆಗೆ 18 ಕಿಲೋಮೀಟರ್. ನಮ್ಮ ಕ್ಲಾಸಿನ ಹುಡುಗರು ಸೈಕಲ್ಲಿನಲ್ಲಿ ಇದಕ್ಕಿಂತ ಜೋರಾಗಿ ಹೋಗುತ್ತಾರೆ. ಗಂಟೆಗೆ 850 ಕಿಲೋಮೀಟರ್ ಹೋಗುವ ವಿಮಾನ ಅದೇ ಆರು ಗಂಟೆಯಲ್ಲಿ 5,000 ಕಿಲೋಮೀಟರ್ ದಾಟಿರುತ್ತದೆ. ಗ್ಲೋಬಿನಲ್ಲಿ ನಮ್ಮ ಊರು ಮತ್ತು ಮೈಸೂರು ಒಂದೇ ಚುಕ್ಕಿ. ಆದರೆ ಅವತ್ತು ನನ್ನ ಅಜ್ಜನಿಗೆ ಮೈಸೂರು ಅಬುಧಾಬಿಗಿಂತ ದೂರ ಇತ್ತು. ಅದಕ್ಕೇ ನನಗೆ ನಗು ಬರಲಿಲ್ಲ.

ನಾನು ಈ ಲೆಕ್ಕ ಮನೆಯಲ್ಲಿ ಹೇಳಿದಾಗ ಪಕ್ಕದ ಮನೆಯ ಮಾವ, "ಅದಕ್ಕೇ ಹೇಳೋದು, ಕೊಡಗಿಗೂ ಒಂದು ವಿಮಾನ ನಿಲ್ದಾಣ ಬೇಕು" ಅಂದರು. ನಮ್ಮ ಕ್ಲಾಸಿನಲ್ಲೂ ಕೆಲವರು ಹಾಗೇ ಹೇಳುತ್ತಾರೆ. ನಮ್ಮ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವೂ ಇಲ್ಲ, ರೈಲೂ ಇಲ್ಲ ಎಂಬುದು ನಿಜ. ಆದರೆ ನನ್ನ ಅಭಿಪ್ರಾಯ ಬೇರೆ. ದಯವಿಟ್ಟು ಸಿಟ್ಟಾಗಬೇಡಿ, ಲೆಕ್ಕ ನೋಡಿ.

ಅಜ್ಜನ ಆರು ಗಂಟೆ ಎಲ್ಲಿ ಹೋಯಿತು? ಫೋನು ಮತ್ತು ಜೀಪಿಗೆ ಮುಕ್ಕಾಲು ಗಂಟೆ. ಮರಕ್ಕೆ ಒಂದೂವರೆ ಗಂಟೆ. ಎರಡೂ ಸೇರಿ ಎರಡೂಕಾಲು ಗಂಟೆ. ಇಷ್ಟೂ ಹೋಗಿದ್ದು ಮನೆಯಿಂದ ಮೊದಲನೇ ಎರಡು ಕಿಲೋಮೀಟರಿನಲ್ಲಿ! ಉಳಿದ 108 ಕಿಲೋಮೀಟರಿಗೆ ಮೂರು ಮುಕ್ಕಾಲು ಗಂಟೆ. ಆ ಎರಡೂಕಾಲು ಗಂಟೆ ಉಳಿದಿದ್ದರೆ ಅಜ್ಜ ನಾಲ್ಕೂವರೆ ಗಂಟೆಯ ಒಳಗೆ ಆಸ್ಪತ್ರೆಯಲ್ಲಿ ಇರುತ್ತಿದ್ದರು. ಇಂಜೆಕ್ಷನ್ ಆಗುತ್ತಿತ್ತೋ ಇಲ್ಲವೋ ಅದು ಡಾಕ್ಟರಿಗೇ ಗೊತ್ತು. ಆದರೆ ಒಂದು ಅವಕಾಶವಾದರೂ ಇರುತ್ತಿತ್ತು. ಊರ ಪಕ್ಕದಲ್ಲೇ ವಿಮಾನ ನಿಲ್ದಾಣ ಇದ್ದಿದ್ದರೂ ಆ ಮರ ಅಲ್ಲೇ ಬೀಳುತ್ತಿತ್ತು. ಆ ಮಂಜಿನಲ್ಲಿ, ಆ ಮಳೆಯಲ್ಲಿ ವಿಮಾನ ಇಳಿಯುವುದೂ ಕಷ್ಟ. ವಿಮಾನ ಯಾರ ಮನೆ ಬಾಗಿಲಿಗೂ ಬರುವುದಿಲ್ಲ. ಜೀಪೇ ಬರಬೇಕು. ಕಣ್ಣೂರಿನಲ್ಲಿ, ಮಂಗಳೂರಿನಲ್ಲಿ, ಮೈಸೂರಿನಲ್ಲಿ ವಿಮಾನ ನಿಲ್ದಾಣಗಳಿವೆ. ಅಷ್ಟು ಸಾಕು. ಇದ್ದ ಬೆಟ್ಟ, ಗದ್ದೆ ಮಟ್ಟ ಮಾಡಿ ಇನ್ನೊಂದು ಮಾಡುವುದು ಬೇಡ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಮಡಿಕೇರಿ, ಮಂಗಳೂರು ರಸ್ತೆಯೇ ಕಡಿದುಹೋದದ್ದನ್ನು ನಮ್ಮ ಹಿರಿಯರು ಯಾರೂ ಮರೆತಿಲ್ಲ.

ನಾನು ವಿಮಾನದ ವಿರೋಧಿ ಅಂತ ತಿಳಿಯಬೇಡಿ. ವಿಮಾನ ನಿಲ್ದಾಣವೇ ಇಲ್ಲದ ನಮ್ಮ ಕೊಡಗಿನಿಂದ ಹೋದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯನವರು 1965ರ ಯುದ್ಧದಲ್ಲಿ ಸರ್ಗೋಧಾದ ಮೇಲೆ ದಾಳಿಗೆ ಹೋಗಿ, ತಮ್ಮದಕ್ಕಿಂತ ಬಹಳ ವೇಗದ ಶತ್ರು ವಿಮಾನವನ್ನು ಎದುರಿಸಿ ಹೊಡೆದುರುಳಿಸಿ ವೀರಮರಣ ಹೊಂದಿದರು. ಅವರು ಮಾಡಿದ ಸಾಹಸ ಆಗ ನಮ್ಮ ದೇಶದಲ್ಲಿ ಗೊತ್ತೇ ಆಗಲಿಲ್ಲ. ಮಹಾವೀರ ಚಕ್ರ ಕೊಟ್ಟಿದ್ದು 1988ರಲ್ಲಿ. ವಿಮಾನ ನಿಮಿಷಗಳಲ್ಲಿ ದಾಟಿದ ಗಡಿಯನ್ನು ಸುದ್ದಿ ದಾಟಿ ಗೌರವ ಸಿಗಲು 23 ವರ್ಷ ಬೇಕಾಯಿತು. ವೇಗ ಇದ್ದರೆ ಸಾಲದು, ತಲುಪಬೇಕಾದ್ದು ಸಮಯಕ್ಕೆ ತಲುಪಬೇಕು ಎಂಬುದಕ್ಕೆ ಇದೂ ಒಂದು ಉದಾಹರಣೆ ಅಂತ ನನಗೆ ಅನ್ನಿಸುತ್ತದೆ.

ಹಾಗಾದರೆ ಏನು ಮಾಡಬೇಕು? ಬರೀ ಕಷ್ಟ ಹೇಳಿ ಕೂತರೆ ಆಗುವುದಿಲ್ಲ. ಬಾವಿ ತೋಡುವುದು ಬೆಂಕಿ ಬಿದ್ದ ಮೇಲಲ್ಲ. ನನಗೆ ತೋಚಿದ್ದು ಇಷ್ಟು.

ಒಂದು. ನಮ್ಮ ಶಾಲೆಯವರೆಲ್ಲ ಸೇರಿ ಊರಿನ ಒಂದು ಸಮಯದ ನಕ್ಷೆ ಮಾಡೋಣ. ಪ್ರತಿ ಮನೆಯಿಂದ ಟಾರ್ ರಸ್ತೆಗೆ, ಕುಶಾಲನಗರಕ್ಕೆ, ಮಡಿಕೇರಿಗೆ, ಮೈಸೂರಿಗೆ ಎಷ್ಟು ಹೊತ್ತು ಅಂತ ಬರೆಯೋಣ. ಎರಡು ಕಾಲಂ ಇರಲಿ. ಒಂದು ಬೇಸಿಗೆಗೆ, ಒಂದು ಕಕ್ಕಡಕ್ಕೆ. ನಾನು ನನ್ನದು ಬರೆದಿದ್ದೇನೆ. ಮನೆಯಿಂದ ಶಾಲೆಗೆ ಬೇಸಿಗೆಯಲ್ಲಿ 40 ನಿಮಿಷ, ಮಳೆಯಲ್ಲಿ ಒಂದು ಗಂಟೆ. ತೋಡು ತುಂಬಿದರೆ ಸುತ್ತು ದಾರಿ, ಒಂದೂವರೆ ಗಂಟೆ.

ಎರಡು. ಮಳೆ ಹಿಡಿಯುವ ಮೊದಲು ರಸ್ತೆಗೆ ವಾಲಿದ ಮರಗಳನ್ನು ನಾವು ಮಕ್ಕಳೇ ಎಣಿಸಿ ಪಟ್ಟಿ ಮಾಡಿ ಪಂಚಾಯಿತಿಗೆ ಕೊಡೋಣ. ಅನುಮತಿ ಪಡೆದು ರೆಂಬೆ ಕಡಿಸುವುದು ದೊಡ್ಡವರ ಕೆಲಸ. ಎಣಿಸುವುದು ನಮಗೆ ಬರುತ್ತದೆ. ದಿನಾ ಆ ದಾರಿಯಲ್ಲಿ ನಡೆಯುವವರು ನಾವೇ ತಾನೇ?

ಮೂರು. ಗರಗಸ ಯಾರ ಮನೆಯಲ್ಲಿದೆ, ರಾತ್ರಿ ಹೊತ್ತು ಯಾರ ಜೀಪು ಬರುತ್ತದೆ, ನೆಟ್‌ವರ್ಕ್ ಎಲ್ಲಿ ಸಿಗುತ್ತದೆ, ಯಾವ ಕಾಯಿಲೆಗೆ ಯಾವ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಂಟು, ಇವೆಲ್ಲ ಒಂದು ಕಾಗದದಲ್ಲಿ ಬರೆದು ಪ್ರತಿ ಮನೆಯ ಕ್ಯಾಲೆಂಡರಿನ ಪಕ್ಕ ಅಂಟಿಸಬೇಕು.

ನಾಲ್ಕು. ಬಾಯಿ ಒಂದು ಕಡೆ ವಾಲಿದರೆ, ಒಂದು ಕೈ ಎತ್ತಲು ಆಗದಿದ್ದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು. ಬೆಳಕಾಗಲಿ, ಮಳೆ ಕಡಿಮೆಯಾಗಲಿ, ಕಷಾಯ ಕೊಟ್ಟು ನೋಡೋಣ ಅಂತ ಕಾಯಬಾರದು. ಶುರುವಾದ ಗಂಟೆ ನೋಡಿಟ್ಟುಕೊಂಡು ತಕ್ಷಣ ಹೊರಡಬೇಕು. ಇದನ್ನು ಇವತ್ತೇ ಮನೆಯಲ್ಲಿ ಹೇಳಿ. ಈ ಲೇಖನದಲ್ಲಿ ಬೇರೆ ಏನು ಮರೆತರೂ ಪರವಾಗಿಲ್ಲ, ಇದನ್ನು ಮರೆಯಬೇಡಿ.

ದೊಡ್ಡವರಿಗೆ ಒಂದು ವಿನಂತಿ. ರಸ್ತೆಯ ಬದಿಯ ಕಲ್ಲಿನಲ್ಲಿ ಕಿಲೋಮೀಟರ್ ಮಾತ್ರ ಬರೆದಿರುತ್ತದೆ. ಆ ಕಲ್ಲು ಬೇಸಿಗೆಯಲ್ಲೂ ಅದನ್ನೇ ಹೇಳುತ್ತದೆ, ಕಕ್ಕಡದಲ್ಲೂ ಅದನ್ನೇ ಹೇಳುತ್ತದೆ. ಊರಿಗೆ ಏನು ಬೇಕು ಅಂತ ಯೋಚನೆ ಮಾಡುವಾಗ ಕಲ್ಲು ನೋಡಿ ಲೆಕ್ಕ ಹಾಕಬೇಡಿ. ಮಳೆಯಲ್ಲಿ ರೋಗಿಯನ್ನು ಕರೆದುಕೊಂಡು ಹೋದವರನ್ನು ಕೇಳಿ ಲೆಕ್ಕ ಹಾಕಿ.

ಅಜ್ಜ ಈಗ ಎಡಗೈಯಲ್ಲಿ ಎಲೆಗೆ ಸುಣ್ಣ ಹಚ್ಚುವುದನ್ನು ಕಲಿತಿದ್ದಾರೆ. ಅಡಿಕೆ ಕತ್ತರಿಸುವುದು ನನ್ನ ಕೆಲಸ. ಮೊನ್ನೆ ಈ ಲೇಖನ ಓದಿ ಹೇಳಿದೆ. ಕೇಳಿ, "ಈಗ ನನ್ನ ಎಲೆ ಅಡಿಕೆಗೂ ಹೊತ್ತು ಜಾಸ್ತಿ ಹಿಡೀತದೆ ಮಗಾ. ನಿನ್ನ ಲೆಕ್ಕ ಬದಲಾಯಿಸ್ಕೊ" ಅಂದರು. ನಗುತ್ತಲೇ ಅಂದರು. ನಾನೂ ನಕ್ಕೆ.

ಸಮಯದ ನಕ್ಷೆಗೆ ಹೆಸರು ಕೊಡುವವರು ಶನಿವಾರದೊಳಗೆ ನನಗೆ ಅಥವಾ ಮೇಷ್ಟ್ರಿಗೆ ತಿಳಿಸಿ. ಡ್ರಾಯಿಂಗ್ ಶೀಟು ನಾನು ತರುತ್ತೇನೆ. ನನ್ನ ಬರವಣಿಗೆಯಲ್ಲಿ ತಪ್ಪಿದ್ದರೆ ಹಿರಿಯರು ಮನ್ನಿಸಬೇಕು, ಗೆಳೆಯರು ತಿದ್ದಬೇಕು.

– ಏಳನೇ ತರಗತಿ